ದಿನಚರಿಯ ಮಾತು

ಹೊಸ ವರ್ಷದ ಮೊದಲ ವಾರದಲ್ಲಿ ನಮ್ಮ ಪರಿಚಿತರ ಮನೆಗಳಲ್ಲಿ ಒಂದು ದೃಶ್ಯವನ್ನು ಕಾಣಬಹುದು. ಮೇಜಿನ ಮೇಲೆ ರಟ್ಟಿನ ಹೊದಿಕೆಯ ಹೊಸ ಡೈರಿ. ಅದರ ಪಕ್ಕದಲ್ಲಿ ಶಾಯಿ ತುಂಬಿದ ಲೇಖನಿ. ಎದುರಿಗೆ ಗಂಭೀರವಾದ ಮುಖಮುದ್ರೆಯಿಂದ ಕುಳಿತಿರುವ ಯಜಮಾನರು. ಜನವರಿ 1ನೆಯ ತಾರೀಖಿನ ಪುಟವು ಅಂಚಿನವರೆಗೂ ತುಂಬಿಹೋಗಿರುತ್ತದೆ. 2ನೆಯ ತಾರೀಖಿಗೆ ಮುಕ್ಕಾಲು ಪುಟ. 5ನೆಯ ತಾರೀಖಿಗೆ ನಾಲ್ಕು ಸಾಲು. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಆ ನಾಲ್ಕು ಸಾಲೂ ಹೋಗಿ "ವಿಶೇಷವೇನೂ ಇಲ್ಲ" ಎಂಬ ಎರಡೇ ಮಾತು ಉಳಿದಿರುತ್ತದೆ. ಅಲ್ಲಿಂದ ಮುಂದೆ ಆ ಪುಸ್ತಕವು ಅಗಸನ ಲೆಕ್ಕಕ್ಕೋ, ಮಕ್ಕಳು ಚಿತ್ರ ಬರೆಯುವ ಆಟಕ್ಕೋ ಉಪಯೋಗವಾಗುತ್ತದೆ.

ಇದನ್ನು ನಾನು ಪರಿಹಾಸ್ಯಕ್ಕಾಗಿ ಹೇಳುತ್ತಿಲ್ಲ. "ವಿಶೇಷವೇನೂ ಇಲ್ಲ" ಎಂಬ ಆ ವಾಕ್ಯದಿಂದ ಸತ್ತ ದಿನಚರಿಗಳೆಷ್ಟೋ! ಸೋಮಾರಿತನದಿಂದ ಸತ್ತುವು ಅಷ್ಟಿರಲಾರವು. ದಿನಚರಿಯೆಂದರೆ ವಿಶೇಷಗಳನ್ನು ಬರೆಯುವ ಪುಸ್ತಕವೆಂದು ನಮಗೆ ಯಾರು ಹೇಳಿಕೊಟ್ಟರೋ ತಿಳಿಯದು. ನಾನಂತೂ ಆ ತಪ್ಪನ್ನು ಬಹುಕಾಲ ಮಾಡಿದವನು. ನನ್ನ ಡೈರಿ ಸಂಕ್ರಾಂತಿಗೆ ನಿಲ್ಲಲಿಲ್ಲವೆಂಬುದೇನೋ ನಿಜ. ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ನಡೆಯಿತು. ಆದರೆ ನಡೆದರೂ ನಿಂತದ್ದಕ್ಕಿಂತ ಹೆಚ್ಚಿನ ಪ್ರಯೋಜನವಾಯಿತೆಂದು ಹೇಳಲಾರೆ. ಅದರ ಕಥೆಯನ್ನು ಆಮೇಲೆ ಅರಿಕೆ ಮಾಡುತ್ತೇನೆ. ಮೊದಲು ಈ ವಿದ್ಯೆಯಲ್ಲಿ ನಿಜವಾಗಿ ನುರಿತವನೊಬ್ಬನ ಪರಿಚಯವನ್ನು ಮಾಡಿಕೊಳ್ಳೋಣ.

ಆತ್ಮಕಥೆಯನ್ನು ಬರೆಯುವವನು ಬೆಟ್ಟದ ತುದಿಯಲ್ಲಿ ನಿಂತು ತಾನು ಹತ್ತಿಬಂದ ದಾರಿಯನ್ನು ನೋಡುತ್ತಾನೆ. ಯಾವ ತಿರುವು ತನ್ನನ್ನು ಎಲ್ಲಿಗೆ ಕರೆತಂದಿತೆಂಬುದು ಅವನಿಗೆ ಗೊತ್ತು. ದಿನಚರಿಯನ್ನು ಬರೆಯುವವನಾದರೋ ಇನ್ನೂ ದಾರಿಯ ಮಧ್ಯದಲ್ಲಿರುವವನು. ನಾಳೆ ಏನೆಂಬುದನ್ನು ಅರಿಯನು. ಈ ಅರಿಯದಿರುವಿಕೆಯೇ ಅವನ ಬಂಡವಾಳ. 1666ನೆಯ ಇಸವಿ ಸೆಪ್ಟೆಂಬರ್ 2ನೆಯ ತಾರೀಖು ಭಾನುವಾರ, ಬೆಳಗಿನ ಜಾವ ಸುಮಾರು ಮೂರು ಗಂಟೆಗೆ, ಲಂಡನ್ ನಗರದ ಒಂದು ಮನೆಯಲ್ಲಿ ಕೆಲಸದ ಹೆಂಗಸು ಯಜಮಾನನನ್ನು ಎಬ್ಬಿಸಿ, ಊರಿನಲ್ಲಿ ಬೆಂಕಿ ಕಾಣುತ್ತಿದೆ ಎಂದಳು. ಆತ ಎದ್ದು, ನಿಲುವಂಗಿಯನ್ನು ತೊಟ್ಟು, ಕಿಟಕಿಯ ಬಳಿ ಹೋಗಿ ನೋಡಿದ. ದೂರದಲ್ಲಿದೆ, ಚಿಂತೆಯಿಲ್ಲ ಎಂದುಕೊಂಡ. ಹಿಂದಿರುಗಿ ಮಲಗಿ ನಿದ್ದೆಹೋದ. ಆ ಬೆಂಕಿಯೇ ನಾಲ್ಕು ದಿನ ಉರಿದು, ಸುಮಾರು 13,000 ಮನೆಗಳನ್ನೂ, 87 ಚರ್ಚುಗಳನ್ನೂ, ಪುರಾತನವಾದ ಸೇಂಟ್ ಪಾಲ್ ದೇವಾಲಯವನ್ನೂ ಆಹುತಿ ತೆಗೆದುಕೊಂಡ ಲಂಡನ್ನಿನ ಮಹಾಗ್ನಿ. ಅದೇ ಮನುಷ್ಯನು ಮುಪ್ಪಿನಲ್ಲಿ ಕುಳಿತು ಬಾಳಿನ ಕಥೆಯನ್ನು ಬರೆದಿದ್ದರೆ, ತಾನು ಮತ್ತೆ ಮಲಗಿದೆನೆಂದು ಬರೆಯುತ್ತಿದ್ದನೆ? ಆ ರಾತ್ರಿಯೇ ತನ್ನ ಎಡಗಣ್ಣು ಅದಿರಿತೆಂದು ಬರೆಯುತ್ತಿದ್ದನೇನೋ!

ಆತನೇ ಸ್ಯಾಮ್ಯುಯೆಲ್ ಪೀಪ್ಸ್. ಲಂಡನ್ನಿನ ಒಬ್ಬ ದರ್ಜಿಯ ಮಗ, ಹುಟ್ಟಿದ್ದು 1633ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ನೌಕಾಖಾತೆಯಲ್ಲಿ ಗುಮಾಸ್ತೆಯ ಅಧಿಕಾರ ಪಡೆದು, ಮುಂದೆ ಆ ಖಾತೆಯ ಮುಖ್ಯರಲ್ಲಿ ಒಬ್ಬನಾದವನು. ಇಂಗ್ಲೆಂಡಿನ ನೌಕಾಬಲದ ಚರಿತ್ರೆಯಲ್ಲಿ ಅವನಿಗೆ ದೊಡ್ಡ ಸ್ಥಾನವಿದೆ. ಆದರೆ ನಮ್ಮಂಥವರು ಅವನನ್ನು ನೆನೆಯುವುದು ಅವನು ಕಟ್ಟಿಸಿದ ಹಡಗುಗಳಿಗಾಗಿ ಅಲ್ಲ. 1660ನೆಯ ಜನವರಿ 1ರಿಂದ 1669ನೆಯ ಮೇ 31ರವರೆಗೆ, ಒಂಬತ್ತು ವರ್ಷ ಐದು ತಿಂಗಳ ಕಾಲ, ಅವನು ತನ್ನ ದಿನಗಳನ್ನು ಬರೆದಿಟ್ಟ. ಒಟ್ಟು ಆರು ಸಂಪುಟ. 12 ಲಕ್ಷಕ್ಕೂ ಹೆಚ್ಚು ಶಬ್ದಗಳು.

ಅದರಲ್ಲಿ ಇರುವುದೇನು? ಎರಡನೆಯ ಚಾರ್ಲ್ಸ್ ದೊರೆ ಸಿಂಹಾಸನಕ್ಕೆ ಮರಳಿ ಬಂದದ್ದು ಇದೆ. 1665ರ ಮಹಾಮಾರಿ ಇದೆ. ಡಚ್ಚರೊಡನೆ ನಡೆದ ಯುದ್ಧವಿದೆ. ಚರಿತ್ರಕಾರರಿಗೆ ಇವೆಲ್ಲ ರಸಕವಳ. ಆದರೆ ಇವುಗಳ ಪಕ್ಕದಲ್ಲಿಯೇ, ಅಷ್ಟೇ ಶ್ರದ್ಧೆಯಿಂದ, ಊಟಕ್ಕೆ ಏನಿತ್ತು, ಹೊಸ ಅಂಗಿಗೆ ಎಷ್ಟಾಯಿತು, ಹೆಂಡತಿಯೊಡನೆ ಯಾವುದಕ್ಕಾಗಿ ಜಗಳವಾಯಿತು, ನಾಟಕ ಹೇಗಿತ್ತು ಎಂಬುದೂ ಇದೆ. 1660ನೆಯ ಸೆಪ್ಟೆಂಬರ್ 25ರಂದು ಆತ ಮೊಟ್ಟಮೊದಲು ಒಂದು ಬಟ್ಟಲು ಚಹ ಕುಡಿದ, ಅದೂ ದಾಖಲೆಯಾಗಿದೆ. ಆ ದಿನ ಅದು ಏನು ದೊಡ್ಡ ಸುದ್ದಿ? ಈಗ ಓದುವ ನಮಗೆ, ಒಂದು ಜನಾಂಗವೇ ಮುಂದೆ ದಾಸನಾಗಲಿದ್ದ ಪಾನೀಯವನ್ನು ಒಬ್ಬನು ಮೊದಲು ತುಟಿಗಿಟ್ಟ ಗಳಿಗೆಯನ್ನು ಕಣ್ಣಾರೆ ನೋಡಿದಂತಾಗುತ್ತದೆ.

ಬೆಂಕಿಯ ವರ್ಣನೆಯನ್ನೇ ತೆಗೆದುಕೊಳ್ಳಿ. ಬೆಳಗಾದ ಮೇಲೆ ಎದ್ದು, ಸಂಗತಿ ಕೈಮೀರಿದೆಯೆಂದು ತಿಳಿದು, ಆತ ಲಂಡನ್ ಗೋಪುರವನ್ನು ಹತ್ತಿ ನೋಡಿದ. ದೋಣಿಯಲ್ಲಿ ಅರಮನೆಗೆ ಹೋಗಿ ದೊರೆಗೆ ವರದಿ ಒಪ್ಪಿಸಿದ. ಬೆಂಕಿಯ ದಾರಿಯಲ್ಲಿರುವ ಮನೆಗಳನ್ನು ಕೆಡವಿಸದೆ ಬೇರೆ ಉಪಾಯವಿಲ್ಲವೆಂದು ಬಿನ್ನವಿಸಿಕೊಂಡ. ಇದು ರಾಜಕಾರ್ಯ. ಆದರೆ ಅದೇ ಪುಟಗಳಲ್ಲಿ ಪಾರಿವಾಳಗಳ ಮಾತಿದೆ. ಅವು ತಾವು ವಾಸವಾಗಿದ್ದ ಮನೆಗಳನ್ನು ಬಿಟ್ಟುಹೋಗಲಾರದೆ ಕಿಟಕಿ ಮಾಳಿಗೆಗಳ ಸುತ್ತಲೇ ಹಾರಾಡುತ್ತಿದ್ದು, ಕೊನೆಗೆ ಕೆಲವು ರೆಕ್ಕೆ ಸುಟ್ಟು ಬಿದ್ದುವಂತೆ. ಮೂರನೆಯ ದಿನ ಬೆಂಕಿ ತನ್ನ ಬೀದಿಯ ಕಡೆಗೆ ತಿರುಗಿದಾಗ ಈ ಅಧಿಕಾರಿ ತೋಟದಲ್ಲಿ ಗುಂಡಿ ತೋಡಿ ಹೂತಿಟ್ಟ ವಸ್ತುಗಳಲ್ಲಿ ಅವನ ದ್ರಾಕ್ಷಾರಸವಿತ್ತು. ಇಟಲಿಯ ಪಾರ್ಮ ಸೀಮೆಯಿಂದ ಬಂದ ಗಿಣ್ಣಿನ ಗಟ್ಟಿಯೂ ಇತ್ತು! ಆ ಗಿಣ್ಣಿನ ಗಟ್ಟಿಯನ್ನು ಯಾವ ಚರಿತ್ರಕಾರನೂ ಊಹಿಸಿ ಬರೆಯಲಾರ. ನಾನು ತರಗತಿಯಲ್ಲಿ ಈ ಭಾಗವನ್ನು ಹೇಳಿದಾಗಲೆಲ್ಲ ಹುಡುಗರು ನಕ್ಕಿದ್ದಾರೆ. ನಕ್ಕ ಮೇಲೆ ಒಂದು ಕ್ಷಣ ಸುಮ್ಮನಾಗಿದ್ದಾರೆ. ನಮ್ಮ ಮನೆಗೆ ಬೆಂಕಿ ಬಿದ್ದರೆ ನಾವು ಮೊದಲು ಏನನ್ನು ಹೊರಗೆ ತರುತ್ತೇವೆಂಬುದು ಯಾರಿಗೆ ಗೊತ್ತು?

ಪೀಪ್ಸನು ತನ್ನನ್ನು ತಾನು ಬಿಟ್ಟುಕೊಡದೆ ಬರೆದವನಲ್ಲ. ಒಮ್ಮೆ ಯಾರೋ ಕೆಲಸ ಮಾಡಿಸಿಕೊಂಡವರು ಕಾಗದದೊಳಗೆ ಹಣವಿಟ್ಟು ಕಳುಹಿಸಿದರು. ಈತ ಅದನ್ನು ಬಿಚ್ಚಿ, ಹಣವೆಲ್ಲ ಉದುರುವವರೆಗೂ ಒಳಗೆ ನೋಡಲಿಲ್ಲವಂತೆ. ಏಕೆಂದರೆ, ಮುಂದೆ ವಿಚಾರಣೆಯಾದರೆ, ಕಾಗದದಲ್ಲಿ ನಾನು ಹಣವನ್ನು ಕಾಣಲಿಲ್ಲವೆಂದು ಪ್ರಮಾಣವಾಗಿ ಹೇಳಬಹುದಲ್ಲ! ಲಂಚ ತೆಗೆದುಕೊಂಡವರು ಲೋಕದಲ್ಲಿ ಬಹಳ ಮಂದಿ. ಈ ಯುಕ್ತಿಯನ್ನು ಹೂಡಿದವರೂ ಇರಬಹುದು. ಅದನ್ನು ಮನೆಗೆ ಬಂದು ಬರೆದಿಟ್ಟವನು ಇವನೊಬ್ಬನೇ ಇರಬೇಕು. ಆಳುಗಳನ್ನು ಹೊಡೆದದ್ದು, ಪರಸ್ತ್ರೀಯರ ಹಿಂದೆ ಹೋದದ್ದು, ಹೆಂಡತಿಗೆ ಸಿಕ್ಕಿಬಿದ್ದು ಅತ್ತದ್ದು, ಎಲ್ಲವೂ ಅಲ್ಲಿವೆ. ಓದುತ್ತ ಹೋದರೆ ಆತನ ಮೇಲೆ ಗೌರವ ಹುಟ್ಟುವುದಿಲ್ಲ. ಆದರೆ ಆತ ಹೇಳಿದ್ದನ್ನು ನಂಬುತ್ತೇವೆ.

ಇಷ್ಟು ಧೈರ್ಯ ಬಂದದ್ದು ಹೇಗೆ? ಆತ ಬರೆದದ್ದು ಶೀಘ್ರಲಿಪಿಯಲ್ಲಿ. ಆ ಕಾಲದಲ್ಲಿ ಷೆಲ್ಟನ್ ಎಂಬವನು ಪ್ರಚಾರಕ್ಕೆ ತಂದಿದ್ದ ಲಿಪಿ ಅದು. ನಾಚಿಕೆಯ ಭಾಗಗಳು ಬಂದಾಗ ಅದೂ ಸಾಲದೆ ಫ್ರೆಂಚ್, ಸ್ಪ್ಯಾನಿಷ್ ಮಾತುಗಳನ್ನು ಬೆರಸಿ ಇನ್ನೊಂದು ಪರದೆ ಎಳೆದುಕೊಳ್ಳುತ್ತಾನೆ. ಆತನ ಮರಣಾನಂತರ ಪುಸ್ತಕಭಂಡಾರವೆಲ್ಲ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿಗೆ ಸೇರಿತು. ಅದರೊಡನೆ ಈ ಆರು ಸಂಪುಟಗಳೂ ಸೇರಿ ಸುಮಾರು ನೂರು ವರ್ಷ ಮೂಲೆಯಲ್ಲಿದ್ದುವು. 1819ರಿಂದ ಮೂರು ವರ್ಷ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಯೊಬ್ಬ ಹಗಲೂ ರಾತ್ರಿ ಕುಳಿತು ಆ ಲಿಪಿಯನ್ನು ಬಿಡಿಸಿದ. ಆ ಲಿಪಿಯ ಕೈಪಿಡಿ ಅದೇ ಪುಸ್ತಕಭಂಡಾರದ ಬೀರುವಿನಲ್ಲಿಯೇ ಇತ್ತೆಂಬುದು ಪಾಪ ಅವನಿಗೆ ತಿಳಿಯದು! ಸಂಕ್ಷಿಪ್ತವಾಗಿ ಅಚ್ಚಾದದ್ದು 1825ರಲ್ಲಿ. ಒಂದಕ್ಷರ ಬಿಡದೆ ಅಚ್ಚಾಗುವುದಕ್ಕೆ 1970 ಕಳೆದು ಬರಬೇಕಾಯಿತು.

ಇನ್ನೊಂದು ಸಂಗತಿಯನ್ನು ಹೇಳಿ ಪೀಪ್ಸನನ್ನು ಬಿಡುತ್ತೇನೆ. ಆತ ದಿನಚರಿಯನ್ನು ನಿಲ್ಲಿಸಿದ್ದು ಬೇಸರದಿಂದಲ್ಲ. ದೀಪದ ಬೆಳಕಿನಲ್ಲಿ ಬರೆದು ಬರೆದು ಕಣ್ಣು ನೋಯುತ್ತಿತ್ತು, ಕುರುಡನಾಗುವೆನೆಂದು ಹೆದರಿದ. ಕಡೆಯ ದಿನದ ಬರಹದಲ್ಲಿ ಅದನ್ನು ಹೇಳಿಕೊಂಡಿದ್ದಾನೆ. ಆದರೆ ಆತ ಕುರುಡನಾಗಲಿಲ್ಲ. ಇನ್ನೂ 34 ವರ್ಷ ಬದುಕಿದ್ದು 1703ರಲ್ಲಿ ತೀರಿಕೊಂಡ. ದಿನಚರಿ ನಿಂತದ್ದು ಮೇ ತಿಂಗಳ ಕೊನೆಗೆ. ಅದೇ ವರ್ಷ ನವೆಂಬರಿನಲ್ಲಿ, ಆ ಪುಟಗಳಲ್ಲೆಲ್ಲ ಅವನೊಡನೆ ನಕ್ಕು, ಜಗಳವಾಡಿ, ಸಂಗೀತ ಕಲಿತು, ಮುನಿಸಿಕೊಂಡು ಇದ್ದ ಹೆಂಡತಿ ಎಲಿಜಬೆತ್ ಜ್ವರದಿಂದ ಸತ್ತಳು. ಇಪ್ಪತ್ತೊಂಬತ್ತು ವರ್ಷದ ಹೆಂಗಸು. ಆ ದಿನದ ಬರಹವಿಲ್ಲ. ಆಕೆಯ ಸಾವಿನ ಹೊತ್ತಿನಲ್ಲಿ ಆ ಮನೆ ಹೇಗಿತ್ತು, ಆಕೆ ಏನು ಕೇಳಿದಳು, ಆತ ಏನು ಹೇಳಿದ ಎಂಬುದನ್ನು ನಾವು ಇನ್ನು ಎಂದಿಗೂ ಅರಿಯಲಾರೆವು.

ಈಗ ನನ್ನ ಡೈರಿಯ ವಿಷಯ. ನಾನು ಕಾಲೇಜಿಗೆ ಸೇರಿದ ವರ್ಷ ಬರೆಯಲು ಮೊದಲುಮಾಡಿದೆ. ಬರೆದದ್ದು ಇಂಗ್ಲಿಷಿನಲ್ಲಿ. ಹಾಗೇಕೆಂದು ಆಗ ಯಾರಾದರೂ ಕೇಳಿದ್ದರೆ ನನಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಓದಿದ್ದು ಇಂಗ್ಲಿಷು, ಪರೀಕ್ಷೆ ಕೊಟ್ಟದ್ದು ಇಂಗ್ಲಿಷಿನಲ್ಲಿ, ಕಣ್ಣ ಮುಂದೆ ಇದ್ದ ಮಾದರಿಗಳೆಲ್ಲ ಇಂಗ್ಲಿಷಿನವು. ಒಳ್ಳೆಯ ವಿಚಾರಗಳು ಬರುವುದೇ ಆ ಭಾಷೆಯಲ್ಲಿ ಎಂದು ನಂಬಿದ್ದೆ. ಮತ್ತೊಂದು ಅನುಕೂಲವೂ ಇತ್ತು: ಮನೆಯಲ್ಲಿ ಹೆಂಗಸರು ಯಾರೂ ಓದಲಾರರು. ಪೀಪ್ಸನಿಗೆ ಶೀಘ್ರಲಿಪಿ ಇದ್ದಂತೆ ನನಗೆ ಇಂಗ್ಲಿಷು! ಆದರೆ ಅವನು ಆ ಪರದೆಯ ಹಿಂದೆ ಕುಳಿತು ನಿಜವನ್ನು ಬರೆದ. ನಾನು ಪರದೆಯ ಹಿಂದೆ ಕುಳಿತು ಪ್ರಬಂಧಗಳನ್ನು ಬರೆದೆ. ಈಗ ಆ ಸಂಪುಟಗಳನ್ನು ತಿರುವಿಹಾಕಿದರೆ ಸೂರ್ಯಾಸ್ತಗಳು ಸಿಕ್ಕುತ್ತವೆ, ಸ್ನೇಹದ ಸ್ವರೂಪದ ಮೇಲೆ ವಿಚಾರಗಳು ಸಿಕ್ಕುತ್ತವೆ, ನನ್ನ ಕುಂದುಗಳನ್ನು ನಾನೇ ಉದಾರವಾಗಿ ಖಂಡಿಸಿಕೊಂಡಿರುವ ವಾಕ್ಯಗಳು ಸಿಕ್ಕುತ್ತವೆ. ಆದರೆ ಆ ವರ್ಷ ನಾವು ಬಾಡಿಗೆಗಿದ್ದ ಮನೆಗೆ ಎಷ್ಟು ಕೊಡುತ್ತಿದ್ದೆವು? ಎದುರುಮನೆಯ ಮುದುಕಿ ಸಂಜೆ ಬಂದು ಜಗಲಿಯ ಮೇಲೆ ಕುಳಿತು ಏನು ಹೇಳುತ್ತಿದ್ದಳು? ಒಂದೂ ಇಲ್ಲ.

ಇದು ನಷ್ಟವೆಂದು ನನಗೆ ತಿಳಿದದ್ದು ನಮ್ಮ ತಾಯಿಯವರು ತೀರಿಕೊಂಡ ಮೇಲೆ. ಅವರ ಕಡೆಯ ದಿನಗಳಲ್ಲಿ ನಾನು ಹತ್ತಿರವೇ ಇದ್ದೆ. ದಿನವೂ ಬರೆದೆ. ವರ್ಷಾಂತಿಕದ ಹೊತ್ತಿಗೆ ಆ ಪುಟಗಳನ್ನು ತೆಗೆದು ನೋಡಿದೆ. ಮರಣವನ್ನು ಕುರಿತು ಎರಡು ಪುಟ ಇತ್ತು, ಚೆನ್ನಾಗಿಯೇ ಇತ್ತು, ಯಾರ ತಾಯಿಗೆ ಬೇಕಾದರೂ ಹೊಂದುವಂತಿತ್ತು. ಅಮ್ಮ ಆಡಿದ ಮಾತಿನ ವಿಷಯವಾಗಿ ಇದ್ದದ್ದು ಒಂದೇ ಸಾಲು. ಅದನ್ನು ಕನ್ನಡಿಸಿದರೆ ಇಷ್ಟು: "ತಾಯಿ ಈ ದಿನ ಬಾವಿಯ ವಿಷಯ ಸ್ವಲ್ಪ ಮಾತನಾಡಿದರು. ಬಳಲಿಕೆ." ಯಾವ ಬಾವಿ ಎಂಬುದು ನನಗೆ ಗೊತ್ತು, ನಮ್ಮ ಹಳ್ಳಿಯ ಮನೆಯ ಹಿತ್ತಿಲಿನದು. ಏನು ಮಾತನಾಡಿದರು ಎಂಬುದು ಇಲ್ಲ. ನಾನು ಅಲ್ಲಿಯೇ ಕುಳಿತು ಕೇಳಿದ್ದೆ. ಕೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸುವಾಗ, ಆ ಭಾಷೆಯಲ್ಲಿ ನಿಲ್ಲದ ಮಾತೆಲ್ಲ ಸೋಸಿಹೋಗಿ, ನಿಂತದ್ದು ಈ ಒಂದು ಸಾಲು. ಅದೇ ರಾತ್ರಿ ಕನ್ನಡದಲ್ಲಿ ಬರೆದಿದ್ದರೆ, ಬೇಡವೆಂದರೂ, ಅವರ ಬಾಯಿಂದ ಬಂದ ನಾಲ್ಕು ಶಬ್ದಗಳಾದರೂ ಕಾಗದಕ್ಕೆ ಇಳಿಯುತ್ತಿದ್ದುವು.

ನಮ್ಮ ಪಿತಾಮಹರು ಡೈರಿ ಬರೆದವರಲ್ಲ. ಆ ಹೆಸರನ್ನೇ ಅವರು ಕೇಳಿರಲಾರರು. ಅವರಿಟ್ಟಿದ್ದುದು ಜಮಾಖರ್ಚಿನ ಪುಸ್ತಕ. ಉದ್ದವಾದ ಹಾಳೆಗಳನ್ನು ಮಡಿಸಿ ನಡುವೆ ದಾರ ಹಾಕಿ ಹೊಲಿದದ್ದು; ಮೇಲುಗಡೆ ಶ್ರೀಕಾರ, ಸಂವತ್ಸರ, ಮಾಸ, ತಿಥಿ. ಒಳಗೆ ಎಣ್ಣೆ ಎರಡಾಣೆ, ಗಾಡಿಬಾಡಿಗೆ ನಾಲ್ಕಾಣೆ, ಬಳೆಗಾರನಿಗೆ ಇಷ್ಟು. ಆದರೆ ಅಲ್ಲಲ್ಲಿ ಲೆಕ್ಕದ ಬದಿಯಲ್ಲಿಯೇ ಒಂದೊಂದು ಮಾತು ಬಿದ್ದಿದೆ. ಒಂದು ಕಡೆ "ಮಗುವಿಗೆ ಜ್ವರ ಬಿಟ್ಟಿತು, ಸಕ್ಕರೆ ಅರ್ಧ ಸೇರು" ಎಂದಿದೆ. ಹಂಚಿದ ಆ ಸಕ್ಕರೆಯಲ್ಲಿ ಅವರ ಸಂತೋಷವೆಲ್ಲ ಇದೆ. ಇನ್ನೊಂದು ಕಡೆ "ಮಳೆ ಬಂತು" ಎಂದು ಮೂರು ದಿನ ಮೇಲಿಂದ ಮೇಲೆ ಬರೆದು, ನಾಲ್ಕನೆಯ ದಿನ "ಸಾಕು" ಎಂದು ಬರೆದಿದ್ದಾರೆ. ನನ್ನ ಇಪ್ಪತ್ತು ವರ್ಷದ ಡೈರಿಗಳಲ್ಲಿ ಈ "ಸಾಕು" ಎಂಬುದಕ್ಕೆ ಸಮವಾದ ಒಂದು ಮಾತನ್ನು ಹುಡುಕಿ ಸೋತಿದ್ದೇನೆ.

ಹೀಗೆ ದಿನದ ಸಂಗತಿಯನ್ನು ದಿನವೇ ಬರೆದಿಡುವ ಪದ್ಧತಿ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳನ್ನು ಶ್ರೋತೃಗಳಲ್ಲಿ ಹಿರಿಯರು ಬಲ್ಲರು. ಶಾನುಭೋಗರೂ ವರ್ತಕರೂ ಅವುಗಳಲ್ಲಿ ತಮ್ಮ ವ್ಯವಹಾರವನ್ನು ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಅಂಥ ಕಡತಗಳು ಬಹುಸಂಖ್ಯೆಯಲ್ಲಿ ಉಳಿದುಬಂದಿವೆ. ಕಡತದ ಒಂದು ಗುಣವೆಂದರೆ ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದು. ಎಷ್ಟು ದಿನಗಳು ಹಾಗೆ ಒರಸಿಹೋದುವೋ!

ಪಕ್ಕದ ತಮಿಳುನಾಡಿನ ಅದೃಷ್ಟ ನಮಗಿಂತ ಚೆನ್ನಾಗಿತ್ತು. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯು 1736ರಿಂದ 1761ರವರೆಗೆ ತನ್ನ ದಿನಚರಿಯನ್ನು ಇಟ್ಟ. ಡ್ಯೂಪ್ಲೆಯ ಅಂತರಂಗದ ಮನುಷ್ಯ, ವರ್ತಕ, ಹಡಗು ಬಂದದ್ದು ಹೋದದ್ದು, ಸರಕಿನ ಬೆಲೆ, ದರ್ಬಾರಿನ ಪಿಸುಮಾತು, ತನ್ನ ಜಾತಕದ ಫಲ, ಎದುರಾಳಿಗಳ ಕುತಂತ್ರ, ಇವೆಲ್ಲ ಒಂದರ ಮೇಲೊಂದು ಬರುತ್ತವೆ. ಹಗಲೆಲ್ಲ ಪರಭಾಷೆಯವರ ನಡುವೆ ದುಡಿದವನು; ಆದರೂ ತನಗಾಗಿ ಬರೆದುಕೊಂಡದ್ದು ತಮಿಳಿನಲ್ಲಿ, ಅದೂ ಗ್ರಂಥದ ತಮಿಳಿನಲ್ಲಲ್ಲ, ಬಾಯಿಮಾತಿಗೆ ಹತ್ತಿರವಾದ ತಮಿಳಿನಲ್ಲಿ. 1761ರ ಜನವರಿಯಲ್ಲಿ, ಪುದುಚೇರಿ ಇಂಗ್ಲಿಷರ ಕೈಸೇರಿದ ಅದೇ ತಿಂಗಳಲ್ಲಿ, ಆತ ಮರಣಹೊಂದಿದ. 1846ರಲ್ಲಿ ಆ ಹಸ್ತಪ್ರತಿಗಳು ಬೆಳಕಿಗೆ ಬಂದುವು. ಮದರಾಸು ಸರ್ಕಾರದವರು 1904ರಿಂದ 1928ರವರೆಗೆ ಅವುಗಳ ಇಂಗ್ಲಿಷ್ ಅನುವಾದವನ್ನು 12 ಸಂಪುಟಗಳಲ್ಲಿ ಪ್ರಕಟಿಸಿದರು. ಫ್ರೆಂಚರ ಕಾಗದಪತ್ರಗಳಲ್ಲಿ ಇಲ್ಲದ ಎಷ್ಟೋ ಸಂಗತಿಗಳಿಗೆ ಅವೇ ಆಧಾರ.

ನಮ್ಮ ಮೈಸೂರು ಸೀಮೆಯ ಮಟ್ಟಿಗೆ ಅಂಥ ಉಪಕಾರವನ್ನು ಮಾಡಿದವನು ಹೊರಗಿನವನು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ನೆಯ ಏಪ್ರಿಲಿನಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿ, ದಿನದಿನದ ದಾಖಲೆಯನ್ನು ಬರೆದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಓದಲು ಸ್ವಾರಸ್ಯವಾದ ಪುಸ್ತಕವೆಂದು ನಾನು ಹೇಳಲಾರೆ. ಇಂಥ ತಾರೀಖು, ಇಂಥ ಊರಿಗೆ ಬಂದೆ, ನೆಲ ಹೀಗಿದೆ, ನೇಯುವವರು ಹೀಗೆ ಹೇಳಿದರು, ಕಬ್ಬಿಣ ಕರಗಿಸುವವರು ಹೀಗೆ ಮಾಡುತ್ತಾರೆ, ಹೀಗೆಯೇ ಸಾಗುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಿ: ಇಂಗ್ಲಿಷಿನಲ್ಲಿ ಬರೆದರೂ, ರಾಗಿ, ಅವರೆ, ನವಣೆ, ಹುಚ್ಚೆಳ್ಳು ಇವುಗಳ ಹೆಸರನ್ನು ಆತ ರೈತರ ಬಾಯಿಂದ ಕಿವಿಗೆ ಬಿದ್ದಂತೆ ಇಟ್ಟುಕೊಂಡ, ಅನುವಾದಮಾಡಿ ಕೆಡಿಸಲಿಲ್ಲ. ಈ ವಿವೇಕ ಪರದೇಶದ ವೈದ್ಯನಿಗಿತ್ತು, ನನಗಿರಲಿಲ್ಲ.

ಮಾತೃಭಾಷೆಯಲ್ಲಿಯೇ ಬರೆಯಬೇಕೆಂದು ನಾನು ಹಟ ಹಿಡಿಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ದಿನವು ಯಾವ ಭಾಷೆಯಲ್ಲಿ ನಡೆಯಿತೋ ಆ ಭಾಷೆ ಎನ್ನುತ್ತೇನೆ. ಇದಕ್ಕೆ ಒಂದು ಉದಾಹರಣೆಯಿದೆ. ಅದರಲ್ಲಿ ಬಾನುಲಿಯೂ ಒಂದು ಪಾತ್ರವಾದುದರಿಂದ ಇಲ್ಲಿ ಹೇಳುವುದು ಉಚಿತ. ಆನ್ ಫ್ರಾಂಕ್ ಎಂಬ ಯಹೂದಿ ಹುಡುಗಿ ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ, 1929ರಲ್ಲಿ. ಹಿಟ್ಲರನ ಕಾಟಕ್ಕೆ ಹೆದರಿ ಮನೆಯವರು ಹಾಲೆಂಡಿನ ಆಮ್‌ಸ್ಟರ್‌ಡಾಮಿಗೆ ಬಂದರು. ಹುಡುಗಿ ಓದಿದ್ದು, ಆಡಿದ್ದು, ಗೆಳತಿಯರೊಡನೆ ಮುನಿದದ್ದು ಎಲ್ಲ ಡಚ್ ಭಾಷೆಯಲ್ಲಿ. 1942ನೆಯ ಜೂನ್ 12ರಂದು, ಹದಿಮೂರನೆಯ ಹುಟ್ಟುಹಬ್ಬಕ್ಕೆ, ಒಂದು ಡೈರಿ ಉಡುಗೊರೆಯಾಗಿ ಬಂತು. ಮುಂದಿನ ತಿಂಗಳೇ ಜರ್ಮನರ ಕೈಗೆ ಸಿಕ್ಕದಿರಲೆಂದು ಮನೆಯವರೆಲ್ಲ ಒಂದು ಕಚೇರಿಯ ಹಿಂಭಾಗದ ಕೋಣೆಗಳಲ್ಲಿ ಅಡಗಿದರು. ಎರಡು ವರ್ಷ, ಎಂಟು ಮಂದಿ, ಹೊರಗೆ ಹೆಜ್ಜೆಯಿಡದೆ. ಆಕೆ ಡಚ್ಚಿನಲ್ಲಿಯೇ ಬರೆದಳು. 1944ನೆಯ ಮಾರ್ಚ್ 28ರ ರಾತ್ರಿ ಅವರು ಗುಟ್ಟಾಗಿ ಲಂಡನ್ನಿನ ಡಚ್ ಬಾನುಲಿಯನ್ನು ಕೇಳುತ್ತಿದ್ದಾಗ, ದೇಶಭ್ರಷ್ಟ ಸರ್ಕಾರದ ಮಂತ್ರಿಯೊಬ್ಬರು, ಯುದ್ಧ ಮುಗಿದ ಮೇಲೆ ಜನಸಾಮಾನ್ಯರ ಡೈರಿಗಳನ್ನೂ ಕಾಗದಗಳನ್ನೂ ಸಂಗ್ರಹಿಸಬೇಕೆಂದು ಹೇಳಿದರು. ದೊಡ್ಡವರ ಸರ್ಕಾರಿ ಪತ್ರಗಳಿಂದ ಮಾತ್ರ ಆ ಕಾಲದ ಚರಿತ್ರೆ ತಿಳಿಯಲಾರದೆಂಬುದು ಅವರ ಆಶಯ. ಹುಡುಗಿ ಅದನ್ನು ಕೇಳಿ, ಕೆಲವು ವಾರಗಳಲ್ಲಿ ತನ್ನ ಡೈರಿಯನ್ನು ಮೊದಲಿನಿಂದ ತಿದ್ದಿ ಬರೆಯಲು ಕುಳಿತಳು. ಆ ಕೆಲಸ ಮುಗಿಯಲಿಲ್ಲ. ಆಗಸ್ಟ್ 1ರದು ಕಡೆಯ ಬರಹ. 4ರಂದು ಎಲ್ಲರೂ ಸೆರೆಯಾದರು. 1945ರ ಮೊದಲ ತಿಂಗಳುಗಳಲ್ಲಿ ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಆಕೆ ತೀರಿಕೊಂಡಳು. ಬದುಕಿ ಉಳಿದ ತಂದೆ 1947ರಲ್ಲಿ ಅದನ್ನು ಅಚ್ಚುಹಾಕಿಸಿದರು. ಅದರಲ್ಲಿ ದೇಶದೇಶಗಳ ಕಣ್ಣಲ್ಲಿ ನೀರು ತರಿಸಿದ್ದು ಏನು? ಕೊಳೆತ ಆಲೂಗೆಡ್ಡೆ, ಬಟಾಣಿ ಸುಲಿಯುವ ಬೇಸರ, ಸ್ನಾನದ ಸರದಿ, ಮೇಜಿಗಾಗಿ ಜಗಳ.

ಮನೆಯಲ್ಲಿರುವ ಹೆಂಗಸರು, ನಮಗೇನಿದೆ ಬರೆಯುವುದಕ್ಕೆ ಎಂದು ಕೇಳುವುದುಂಟು. ಕವಿ ವರ್ಡ್ಸ್‌ವರ್ತನ ತಂಗಿ ಡಾರತಿ ಗ್ರಾಸ್‌ಮಿಯರ್ ಹಳ್ಳಿಯಲ್ಲಿ ಅಣ್ಣನ ಮನೆಗೆಲಸ ನೋಡಿಕೊಳ್ಳುತ್ತ, ರೊಟ್ಟಿ ಸುಟ್ಟದ್ದು, ಬಟ್ಟೆ ಒಗೆದದ್ದು, ಬಾಗಿಲಿಗೆ ಬಂದ ಭಿಕ್ಷುಕಿ, ತಲೆನೋವು ಇವನ್ನು ಬರೆದಿಡುತ್ತಿದ್ದಳು. 1802ನೆಯ ಏಪ್ರಿಲ್ 15ರಂದು ಅಣ್ಣತಂಗಿಯರು ಸರೋವರದ ದಂಡೆಯಲ್ಲಿ ಡ್ಯಾಫೊಡಿಲ್ ಹೂಗಳ ಸಾಲನ್ನು ಕಂಡದ್ದನ್ನೂ ಬರೆದಳು. ಅಣ್ಣನು ಆ ಹೂಗಳ ಮೇಲೆ ಕವಿತೆ ಬರೆದದ್ದು ಅದಾದ ಎರಡು ವರ್ಷಕ್ಕೆ. ನಮ್ಮ ಶಾಲೆಯ ಹುಡುಗರೂ ಅದನ್ನು ಬಾಯಿಪಾಠ ಮಾಡಿದ್ದಾರೆ. ಕವಿತೆಯಲ್ಲಿ ಆತ ಒಂಟಿ. ತಂಗಿ ಜೊತೆಯಲ್ಲಿದ್ದಳೆಂಬುದು ತಿಳಿಯುವುದು ತಂಗಿಯ ಡೈರಿಯಿಂದ!

ಬರೆಯುವ ಕ್ರಮವನ್ನು ಕುರಿತು ನಾನು ಹೆಚ್ಚು ಹೇಳಲಾರೆ. ತಾರೀಖು ಅಚ್ಚಾಗಿರುವ ಡೈರಿಗಿಂತ ಬರಿಯ ನೋಟುಪುಸ್ತಕ ಮೇಲು. ಅಚ್ಚಾದ ಡೈರಿಯಲ್ಲಿ ಖಾಲಿ ಬಿದ್ದ ಪುಟಗಳು ಸಾಲಗಾರರಂತೆ ಮುಖ ನೋಡುತ್ತವೆ. ಒಂದು ವಾರ ತಪ್ಪಿದರೆ ತಪ್ಪಲಿ. ಹಿಂದಿನದನ್ನು ಊಹೆಯಿಂದ ತುಂಬಬಾರದು. ಐದಾರು ಸಾಲು ಸಾಕು. ಹೆಸರು, ಬೆಲೆ, ಆಡಿದ ಮಾತು ಆಡಿದಂತೆಯೇ, ಇಷ್ಟಿದ್ದರೆ ಮನಸ್ಸಿನ ಸ್ಥಿತಿ ತಾನಾಗಿಯೇ ತಿಳಿಯುತ್ತದೆ. ಗುಟ್ಟಿನ ವಿಷಯ ತುಸು ಕಠಿಣ. ಮನೆಯವರು ಓದುತ್ತಾರೆಂಬ ಭಯವಿದ್ದರೆ ಬರಹ ಸಭ್ಯವಾಗಿಬಿಡುತ್ತದೆ. ಯಾರೂ ಓದುವುದಿಲ್ಲವೆಂಬ ಧೈರ್ಯವಿದ್ದರೆ ಇತರರಿಗೆ ಅನ್ಯಾಯವಾಗುತ್ತದೆ. ಬೀಗ ಹಾಕಬೇಕೇ ಬೇಡವೇ ಎಂಬುದನ್ನು ನಾನೇ ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಪುಸ್ತಕವು ಬೀರುವಿನಲ್ಲಿದೆ, ಬೀಗದ ಕೈ ಬೀರುವಿನ ಮೇಲಿದೆ.

ನಾನು ಈಗ ಕನ್ನಡದಲ್ಲಿ ಬರೆಯುತ್ತೇನೆ. ಮೊದಮೊದಲು ಕೈ ಹೋಗುತ್ತಿರಲಿಲ್ಲ. ಪಂಡಿತರ ಕನ್ನಡ ಬರುತ್ತಿತ್ತು, ಮನೆಯ ಕನ್ನಡ ಬರುತ್ತಿರಲಿಲ್ಲ. ಮೊನ್ನೆಯ ಪುಟದಲ್ಲಿ, ತರಕಾರಿಯವಳು ಬದನೆಕಾಯಿಯ ಬೆಲೆಯನ್ನು ಸಮರ್ಥಿಸಿಕೊಂಡು ಆಡಿದ ಮಾತು ಆರು ಸಾಲು ಇದೆ. ನನ್ನ ವಿಚಾರ ಒಂದೂ ಇಲ್ಲ.

ಬಾವಿಯ ಮಾತೊಂದು ಉಳಿಯಿತು. ಕಳೆದ ವರ್ಷ ಅಕ್ಕ ಬಂದಿದ್ದಾಗ ಕೇಳಿದೆ. ಅವಳೂ ಆ ದಿನ ಕೋಣೆಯಲ್ಲಿದ್ದಳು. "ಕತ್ತಲಾಯಿತು, ಬಾವಿಯ ಹಗ್ಗವನ್ನು ಒಳಗೆ ತಂದಿಟ್ಟಿರೇನೋ ಎಂದು ಕೇಳಿದರು, ಹಳ್ಳಿಯ ಮನೆಯಲ್ಲಿಯೇ ಇದ್ದೇನೆಂದು ತಿಳಿದಿದ್ದರು ಕಣೋ" ಎಂದಳು. ಆಮೇಲೆ ಚಿಕ್ಕಮ್ಮನವರನ್ನು ಕೇಳಿದೆ. ಅವರು ತಲೆಯಾಡಿಸಿ, "ಹಗ್ಗದ ಮಾತಲ್ಲಪ್ಪ, ನೀರಿನ ಮಾತು. ಆ ಬಾವಿಯ ನೀರಿನಲ್ಲಿ ಬೇಳೆ ಎಷ್ಟು ಬೇಗ ಬೇಯುತ್ತಿತ್ತು ಎಂದಳು, ಪಟ್ಟಣದ ನೀರಿನಲ್ಲಿ ಬೇಯುವುದೇ ಇಲ್ಲ ಎಂದಳು" ಎಂದರು. ಆ ಹಳೆಯ ಸಂಪುಟವನ್ನು ತೆಗೆದು, ಆ ಇಂಗ್ಲಿಷ್ ಸಾಲಿನ ಕೆಳಗೆ ಎರಡನ್ನೂ ಕನ್ನಡದಲ್ಲಿ, ಹೇಳಿದವರ ಹೆಸರಿನೊಡನೆ, ನಾನು ಬರೆದ ದಿನದ ತಾರೀಖನ್ನು ಹಾಕಿ ಬರೆದಿಟ್ಟಿದ್ದೇನೆ.